ಮನೆ-ಮನ: ಅಕ್ಕಪಕ್ಕ ಕೂತು ಉಣ್ಣುವ ಸುಖ

ಗಂಡ-ಹೆಂಡತಿ ಇಬ್ಬರೇ ಹೋಗಿ ಉಂಡು ಬರುವ ಜಾಗ ಅಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಸೋದರಿಯರೇ? ಹೋಟೆಲಿನ ಫ್ಯಾಮಿಲಿ ರೂಮು, ಎರಡು ಮಸಾಲೆ ದೋಸೆ, ಕೊನೆಗೊಂದು ಬೈ-ಟೂ ಕಾಫಿ, ಅಲ್ಲವೇ? ಜಪಾನಿನ ಜೋಡಿಗಳಿಗೂ ಇಂಥದೊಂದು ಮೆಚ್ಚಿನ ಜಾಗ ಉಂಟು. ಅದೇ ಸಣ್ಣ ಸುಶಿ ಅಂಗಡಿ.

"ಹಸಿ ಮೀನು ತಾನೇ? ರಾಮ ರಾಮಾ!" ಎಂದು ಮೂಗು ಮುರಿಯಬೇಡಿ. ಸುಶಿ ಎಂಬ ಮಾತಿನ ಮೂಲಾರ್ಥ 'ಹುಳಿ'. ಮೀನಿಗಿಂತ ಅನ್ನವೇ ಅದರ ಜೀವ. ಬಿಸಿ ಅನ್ನವನ್ನು ಅಗಲವಾದ ಮರದ ಪಾತ್ರೆಗೆ ಸುರಿದು, ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಬೀಸಣಿಗೆಯಿಂದ ಗಾಳಿ ಹಾಕಿ ಆರಿಸುತ್ತಾರೆ. ನಾವು ಚಿತ್ರಾನ್ನಕ್ಕೆ ಅನ್ನ ಹರವುವುದಿಲ್ಲವೇ, ಹಾಗೆಯೇ! ಹಿಂದಿನ ಕಾಲದಲ್ಲಿ ಮೀನು ಕೆಡದಿರಲೆಂದು ಉಪ್ಪು, ಅನ್ನದ ಜೊತೆ ತಿಂಗಳುಗಟ್ಟಲೆ ಹುಳಿ ಬರಿಸುತ್ತಿದ್ದರು. ಅನ್ನದುಂಡೆಯ ಮೇಲೆ ಮೀನಿನ ಚೂರಿಟ್ಟು ಕೊಡುವ ಈಗಿನ ಸುಶಿ 19ನೇ ಶತಮಾನದ ಆರಂಭದಲ್ಲಿ ಎಡೊ ನಗರದ, ಅಂದರೆ ಇಂದಿನ ಟೋಕಿಯೊದ, ಬೀದಿಗಳಲ್ಲಿ ಹೆಸರಾಯಿತು. ಗಡಿಬಿಡಿಯ ಜನ ನಿಂತಲ್ಲೇ ತಿಂದು ಹೋಗುತ್ತಿದ್ದ ತಿಂಡಿ ಅದು.

ಈಗಿನ ಒಳ್ಳೆಯ ಸುಶಿ ಅಂಗಡಿ ಎಷ್ಟು ಪುಟ್ಟದೆಂದರೆ, ಒಂದು ಉದ್ದನೆಯ ಮರದ ಹಲಗೆ, ಅದರ ಮುಂದೆ ಎಂಟೋ ಹತ್ತೋ ಕುರ್ಚಿ, ಅಷ್ಟೇ. ಟೋಕಿಯೊದ ಗಿಂಜಾದಲ್ಲಿರುವ ಹೆಸರಾಂತ 'ಸುಕಿಯಬಾಶಿ ಜಿರೊ'ದಲ್ಲಿ ಇರುವುದು ಹತ್ತೇ ಸೀಟು. ಅದೂ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ! 2014ರ ಏಪ್ರಿಲ್‌ನಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಒಬಾಮಾ ಅವರೂ ಜಪಾನಿನ ಪ್ರಧಾನಿ ಶಿಂಜೊ ಅಬೆ ಅವರೂ ಆ ಹಲಗೆಯ ಮುಂದೆ ಅಕ್ಕಪಕ್ಕ ಕೂತೇ ಉಂಡರು.

ಜೋಡಿ ಬಂದು ಕೂತೊಡನೆ ಕೈ ಒರೆಸಲು ಒದ್ದೆ ಟವೆಲು, ಕುಡಿಯಲು ಹಸಿರು ಚಹಾ. 'ಒಮಾಕಸೆ' ಅಂದರೆ ಸಾಕು. ನಿಮಗೇ ಬಿಟ್ಟಿದ್ದೇವೆ ಎಂದರ್ಥ. ಅಡಿಗೆಯವನು ಕಣ್ಣೆದುರೇ ಒಂದು ತುಂಡು ಮಾಡಿ ಆಕೆಯ ಮುಂದಿಡುತ್ತಾನೆ, ಇನ್ನೊಂದು ಮಾಡಿ ಆತನ ಮುಂದೆ. ಇಟ್ಟ ತಕ್ಷಣ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಬೇಕು. ಕೈಯಲ್ಲೇ ತಿಂದರೂ ತಪ್ಪಿಲ್ಲ. ಸೋಯಾ ಸಾಸಿಗೆ ಅದ್ದುವಾಗ ಅನ್ನದ ಬದಿಯಲ್ಲ, ಮೀನಿನ ಬದಿ ತಾಗಿಸಬೇಕು. ಉಪ್ಪಿನಕಾಯಿ ಹಾಕಿದ ಶುಂಠಿ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಾಯಿ ಹಗುರ ಮಾಡಲು. ಪ್ರೀತಿ ಉಕ್ಕಿತೆಂದು ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು! ಅಲ್ಲಿ ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ದಾಟಿಸುವ ಪದ್ಧತಿಯಿದೆ.

ಸಸ್ಯಾಹಾರಿಗಳು ಏನು ಮಾಡಬೇಕು ಅಂತೀರಾ? ಕಡಲಪಾಚಿಯ ಹಾಳೆಯಲ್ಲಿ ಅನ್ನ, ಸೌತೆಕಾಯಿ ಸುತ್ತಿದ 'ಕಪ್ಪಾಮಾಕಿ' ಇದೆ. ಸೋರೆಕಾಯಿಯನ್ನು ಪಟ್ಟಿಯಾಗಿ ಹೆರೆದು ಒಣಗಿಸಿ, ಬೇಕಾದಾಗ ನೆನೆಸಿ ಬೇಯಿಸಿ ಸುತ್ತುವ 'ಕಾಂಪ್ಯೊಮಾಕಿ'ಯೂ ಇದೆ. ಆದರೆ ಅದನ್ನು ಬೇಯಿಸುವ ನೀರಿಗೆ ಮೀನಿನ ಸಾರು ಸೇರಿಸುವುದುಂಟು, ಕೇಳಿಯೇ ತಿನ್ನಿ. ಇನ್ನೊಂದು ಮಾತು: ಸಂತೆಯಿಂದ ತಂದ ಮೀನನ್ನು ಮನೆಯಲ್ಲಿ ಹಸಿಯಾಗಿ ತಿನ್ನುವ ಸಾಹಸ ಖಂಡಿತ ಬೇಡ. ಅದರಲ್ಲಿ ಹುಳ ಇರಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಹಲಗೆಯ ಮುಂದೆ ಕೂತ ಹೆಂಗಸು ಯಾರಿಗೂ ಬಡಿಸುವುದಿಲ್ಲ. ಗಂಡ ಉಂಡಾದ ಮೇಲೆ ಉಣ್ಣುವುದಿಲ್ಲ. ಆತನಿಗೆ ಸಿಕ್ಕಷ್ಟೇ ತಾಜಾ ತುತ್ತು ಆಕೆಗೂ ಸಿಗುತ್ತದೆ. ನಮ್ಮ ದೋಸೆಯೂ ಹಾಗೆ ಕಾವಲಿಯಿಂದ ಎದ್ದ ಕೂಡಲೇ ತಿನ್ನಬೇಕಾದ್ದೇ. ಆದರೆ ಮೊದಲ ಗರಿಗರಿ ದೋಸೆ ಯಾರ ತಟ್ಟೆಗೆ, ಕೊನೆಯ ಹರಕಲು ದೋಸೆ ಯಾರ ತಟ್ಟೆಗೆ? ಉತ್ತರ ನಿಮಗೇ ಗೊತ್ತು. ಜಪಾನಿನ ಗೃಹಿಣಿಗೂ ಮನೆಯಲ್ಲಿ ಸೌಟು ತಪ್ಪಿದ್ದಲ್ಲ ಬಿಡಿ. ಆದರೂ ಸುಶಿ ಅಂಗಡಿಯಲ್ಲಿ ಹಲಗೆಯ ಆಚೆ ನಿಂತು ಮಾಡಿಕೊಡುವವರು ಬಹುಪಾಲು ಗಂಡಸರೇ ಎಂಬ ಸಂಗತಿಯನ್ನು ನಿಮ್ಮ ಯಜಮಾನರ ಕಿವಿಗೆ ಮೆಲ್ಲಗೆ ಹಾಕಿ!

ಟೋಕಿಯೊಗೆ ಹೋಗಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಸಂಜೆ ಸಾಕು. ಆರಿದರೂ ರುಚಿ ಕೆಡದ ಚಿತ್ರಾನ್ನ, ಕೋಸಂಬರಿ, ಮೊಸರನ್ನ ಮೊದಲೇ ಮಾಡಿಡಿ. ಮಕ್ಕಳಿಗೆ ಊಟವಾಗಲಿ. ಟಿ.ವಿ. ಆರಿಸಿ, ಫೋನು ಆಚೆ ಇಡಿ. ಎರಡು ತಟ್ಟೆ ಪಕ್ಕಪಕ್ಕ ಇಟ್ಟು ಇಬ್ಬರೂ ಒಟ್ಟಿಗೇ ಕೈ ಹಾಕಿ. ಬಡಿಸಲೆಂದು ನೀವು ಏಳಕೂಡದು. ನೀರು ಬೇಕಾದರೆ ಅವರೇ ತರಲಿ. ಎದುರು ಕೂತಾಗ ವಿಚಾರಣೆಯಂತೆ ಕೇಳಿಸುವ ಮಾತು, ಪಕ್ಕ ಕೂತಾಗ ಹಗುರಾಗುತ್ತದೆ. ಹಾಲಿನ ಲೆಕ್ಕ, ಶಾಲೆಯ ಫೀಸು ಬಿಟ್ಟು ಗಂಡನ ಜೊತೆ ಬೇರೇನಾದರೂ ಮಾತಾಡಿ ಎಷ್ಟು ದಿನವಾಯಿತು, ನೆನಪಿದೆಯೇ?

ಅತ್ತೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕೇ? ಅವರಿಗೂ ಮಾವನವರಿಗೂ ಒಂದು ಸಂಜೆ ಹೀಗೇ ಜೋಡಿ ತಟ್ಟೆ ಹಾಕಿ ನೋಡಿ. ಆಮೇಲೆ ಅವರೇ ನಿಮ್ಮನ್ನು ಕೂರಿಸುತ್ತಾರೆ.