ಗಿಟಾರ್ ಮೇಷ್ಟ್ರಿಗೊಂದು ಕೆಲಸ ಕೊಡಿ

‘ಗಿಟಾರ್ ಬಾರಿಸಿದ್ರೆ ಹೊಟ್ಟೆ ತುಂಬುತ್ತಾ?’ ಹೊಸಪೇಟೆ, ಸಂಡೂರು, ಕಂಪ್ಲಿ, ಯಾವ ಊರಿನ ಮನೆಯಲ್ಲಾದರೂ ಈ ಪ್ರಶ್ನೆ ಇದ್ದದ್ದೇ. ಗಣಿಯಲ್ಲೋ ಸ್ಟೀಲ್ ಪ್ಲಾಂಟಿನಲ್ಲೋ ಕೆಲಸ ಸಿಕ್ಕರೆ ಅಪ್ಪ–ಅಮ್ಮನಿಗೆ ನೆಮ್ಮದಿ. ಅವರನ್ನು ದೂರುವುದಿಲ್ಲ. ಆದರೆ ಹೊಟ್ಟೆ ತುಂಬಿಸಿಕೊಳ್ಳುವ ಒಂದು ದಾರಿ ಪಾಠ ಹೇಳುವುದು ಎಂಬುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬ್ರೂಸ್ ಲೀ ಮಣಿ ಅವರನ್ನು ನೋಡಿ (ಹೌದು, ಹೆಸರು ಅದೇ!). 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ರಾಕ್ ಬ್ಯಾಂಡಿನ ಗಿಟಾರಿಸ್ಟ್, ಗಾಯಕ. ವಿದೇಶಿ ಬ್ಯಾಂಡುಗಳ ಹಾಡು ನುಡಿಸಿದರೆ ಸುಲಭವಾಗಿ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ ಇವರು ಸ್ವಂತ ಹಾಡು ಕಟ್ಟಿದರು. ಆಮೇಲೆ ಬ್ಯಾಂಡಿನವರೇ ‘ಟಾಕಾಡೆಮಿ’ ಎಂಬ ಸಂಗೀತ ಶಾಲೆ ತೆರೆದರು. ಮಣಿ ಅಲ್ಲಿ ಮೇಷ್ಟ್ರು. ಬ್ಯಾಂಡೂ ಬಿಡಲಿಲ್ಲ, ಪಾಠವೂ ಬಿಡಲಿಲ್ಲ.

‘ಸ್ಟೇಜ್ ಸಿಗದವರು ಪಾಠ ಹೇಳ್ತಾರೆ’ ಎಂದು ಮೂಗು ಮುರಿಯುವವರು ಹಂಪಿಗೆ ಹೋಗಿಬರಲಿ. ಹೊಳೆ ದಂಡೆಯ ಪುರಂದರದಾಸರ ಮಂಟಪದ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತೇವೆ. ಅಷ್ಟೊಂದು ಕೀರ್ತನೆ ಕಟ್ಟಿ ಹಾಡಿದ ದಾಸರನ್ನೇ ಸಂಗೀತಗಾರರು ಸರಳೆ ವರಸೆ, ಜಂಟಿ ವರಸೆಗಳ ಪಾಠ ರೂಪಿಸಿದ ಗುರು ಎಂದೂ ನೆನೆಯುತ್ತಾರೆ. ಕರ್ನಾಟಕ ಸಂಗೀತ ಕಲಿಯುವ ಮಗು ಇವತ್ತಿಗೂ ಮಾಯಾಮಾಳವಗೌಳದಿಂದಲೇ ಶುರು ಮಾಡುತ್ತದೆ.

ಹಂಪಿ ಉತ್ಸವದ ದೊಡ್ಡ ವೇದಿಕೆ ಮೂರ್ನಾಲ್ಕು ದಿನದ್ದು. ಉಳಿದ ದಿನ ನಮಗೆ ಯೂಟ್ಯೂಬೇ ಗುರು. ಬೆರಳು ತಪ್ಪಾಗಿ ಕೂತರೂ ಅದು ಬೈಯುವುದಿಲ್ಲ. ನನ್ನ ರೂಂಮೇಟ್ ಎರಡು ವರ್ಷದಿಂದ ಎಫ್ ಕಾರ್ಡಿನಲ್ಲೇ ಸಿಕ್ಕಿಕೊಂಡಿದ್ದಾನೆ. ಪಕ್ಕದಲ್ಲಿ ಕೂತು ಅವನ ಹೆಬ್ಬೆರಳು ಸರಿಸುವವರೊಬ್ಬರು ಬೇಕು. ಕಾಲೇಜುಗಳು ಸಂಜೆ ಒಂದು ಖಾಲಿ ಕ್ಲಾಸ್‌ರೂಮು, ಒಂದು ಸಂಬಳ ಕೊಡಲಿ. ಕಂಪ್ಲಿ ಬಸ್ಸು ಹೊರಡುವ ಮೊದಲು ಪಾಠ ಮುಗಿದರೆ ಇನ್ನೂ ಒಳ್ಳೆಯದು.