ನಗು ದಾಖಲಾಗುವುದಿಲ್ಲ

“ರಾತ್ರಿ ಒಂಬತ್ತಕ್ಕೆ ಮನೆಗೆ ಬರ್ತೀರಿ. ಮಗುವಿಗೆ ಊಟ ಹಾಕೋರು ಯಾರಮ್ಮ?” ನ್ಯಾಯಾಧೀಶರು ಕೇಳಿದರು. ನನ್ನ ಅಮ್ಮ ಎಂದೆ. “ಹಾಗಾದ್ರೆ ಮಗು ಬೇಕಿರೋದು ನಿಮಗೋ, ನಿಮ್ಮ ಅಮ್ಮನಿಗೋ?” ಎಂದು ನಕ್ಕರು. ಹಾಲ್‌ನಲ್ಲಿದ್ದವರೂ ನಕ್ಕರು. ಹತ್ತಕ್ಕೆ ಮನೆ ಸೇರುವ ನನ್ನ ಗಂಡನಿಗೆ ಆ ಪ್ರಶ್ನೆ ಬರಲಿಲ್ಲ. ಅಂದಿನ ಆರ್ಡರ್ ಶೀಟಿನಲ್ಲಿದ್ದದ್ದು ಇಷ್ಟೇ: ಇಬ್ಬರೂ ಹಾಜರು, ಪ್ರಕರಣ ಮುಂದೂಡಲಾಗಿದೆ. ನಗು ದಾಖಲಾಗುವುದಿಲ್ಲ.

ಕೇಸನ್ನು ಬೇರೆ ನ್ಯಾಯಾಧೀಶರಿಗೆ ವರ್ಗಾಯಿಸಲು ಅರ್ಜಿ ಹಾಕಿ ಎಂದು ವಕೀಲರನ್ನು ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ನೀರಲ್ಲಿದ್ದು ಮೊಸಳೇನ ಎದುರು ಹಾಕ್ಕೋಬೇಡಿ ಮೇಡಂ. ಅರ್ಜಿ ವಜಾ ಆದ್ರೆ ಮತ್ತೆ ಇದೇ ಹಾಲ್‌ಗೆ ಬರ್ಬೇಕು.”

ನನ್ನ ತಕರಾರು ಇರುವುದು ಈ ಭಯದ ಬಗ್ಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಕೊಟ್ಟಿರುವ ದಾರಿಯನ್ನು ಹಿಡಿದವಳು ಉದ್ಧಟಳು ಹೇಗಾಗುತ್ತಾಳೆ? 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ ಪ್ರಕರಣದಲ್ಲಿ ಪೀಠದ ಮುಖ್ಯಸ್ಥರೇ ಹಿಂದೆ ಸರಿಯಬೇಕೆಂಬ ಕೋರಿಕೆ ಬಂತು. ಅವರು ಒಪ್ಪಲಿಲ್ಲ, ಆದರೆ ಯಾಕೆ ಒಪ್ಪಲಿಲ್ಲವೆಂದು ಬರೆದು ತಿಳಿಸಿದರು. ಹಿರಿಯ ವಕೀಲರು ಕೇಳಿದರೆ ಸಂವಿಧಾನದ ಚರ್ಚೆ, ಹೆತ್ತವಳು ಕೇಳಿದರೆ ಸೊಕ್ಕು!

ಸೋತವರೆಲ್ಲ ಹೀಗೇ ಕೇಳುತ್ತಾರೆ ಎನ್ನಬಹುದು. ಆದೇಶ ನಮ್ಮ ವಿರುದ್ಧ ಬಂತು ಎಂಬುದಷ್ಟೇ ವರ್ಗಾವಣೆಗೆ ಕಾರಣವಾಗದು, ಆಗಲೂಬಾರದು. ಆದರೆ ಅಳತೆಗೋಲು ಯಾವುದು? ತಾನು ದೂರು ಕೊಟ್ಟಿದ್ದ ಅಧಿಕಾರಿಯೇ ತನ್ನ ವಿಚಾರಣೆಗೆ ಕೂತಿದ್ದನ್ನು ಪ್ರಶ್ನಿಸಿದ ಸೈನಿಕನೊಬ್ಬನ ಪ್ರಕರಣದಲ್ಲಿ, 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ನಾನು ಪಕ್ಷಪಾತಿಯೇ ಎಂದು ನ್ಯಾಯಾಧೀಶ ತನ್ನ ಮನಸ್ಸನ್ನು ಕೇಳಿಕೊಂಡರೆ ಸಾಲದು, ಎದುರು ನಿಂತವರ ಮನಸ್ಸನ್ನು ನೋಡಬೇಕು.

ಮಗುವಿನ ಕೇಸಿನಲ್ಲಿ ಇದು ಇನ್ನೂ ಮುಖ್ಯ. ಜಮೀನಿನ ವ್ಯಾಜ್ಯಕ್ಕೆ ಪಹಣಿ ಇದೆ, ಸರ್ವೆ ನಕ್ಷೆ ಇದೆ. ಇಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ನೋಡು ಎನ್ನುವುದು ಮಗುವಿನ ಕ್ಷೇಮವನ್ನು. ಆ ಪದದೊಳಗೆ ನ್ಯಾಯಾಧೀಶರು ತಾವು ಬೆಳೆದ ಮನೆಯನ್ನೂ, ತಮಗೆ ಊಟ ಬಡಿಸಿದ ಕೈಯನ್ನೂ ಗೊತ್ತಿಲ್ಲದೆಯೇ ತುಂಬಿಬಿಡಬಹುದು. ತಪ್ಪಾದರೆ ಮೇಲ್ಮನವಿ ಇದೆಯಲ್ಲ ಎನ್ನಬೇಡಿ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಮಧ್ಯಂತರ ಆದೇಶದ ಮೇಲೆ ಮೇಲ್ಮನವಿಗೆ ಅವಕಾಶ ಕೊಡುವುದಿಲ್ಲ. ರಿಟ್ ಹಾಕಬಹುದು, ಅದು ತೀರುವವರೆಗೆ ಮಗು ಬೆಳೆಯದೆ ಕಾಯುತ್ತದೆಯೇ?

ಇದು ಹೆಂಗಸರ ಪರ ವಾದವಲ್ಲ. “ಗಂಡಸಿಗೆ ಹೆಣ್ಣುಮಗುವಿನ ಜಡೆ ಹೆಣೆಯೋಕೆ ಬರುತ್ತೇನ್ರಿ?” ಎಂದು ನಗುವ ನ್ಯಾಯಾಧೀಶರು ನಾಳೆ ಸಿಕ್ಕರೆ, ನನ್ನ ಗಂಡನಿಗೂ ಇದೇ ಹಕ್ಕು ಬೇಕು.

ನಾನು ಕೇಳುವುದು ಎರಡೇ. ಕೋರ್ಟಿನಲ್ಲಿ ಆಡಿದ ಪ್ರತಿ ಮಾತೂ ದಾಖಲಾಗಲಿ. ವರ್ಗಾವಣೆ ಅರ್ಜಿ ವಾರಗಳಲ್ಲಿ ತೀರಲಿ, ವಜಾ ಆದರೂ ಕಾರಣ ಬರೆದು ತಿಳಿಸಲಿ. ನಿಷ್ಪಕ್ಷಪಾತಿ ನ್ಯಾಯಾಧೀಶರಿಗೆ ಇದರಿಂದ ನಷ್ಟವೇನೂ ಇಲ್ಲ.

ಮಗಳಿಗೆ ಆರು ವರ್ಷ. ತಿಂಗಳಲ್ಲಿ ಎರಡು ಭಾನುವಾರ ನನ್ನ ಜೊತೆ ಇರುತ್ತಾಳೆ. ಮೊನ್ನೆ ಭಾನುವಾರ ಅವಳು ಹೋದ ಮೇಲೆ ಅರ್ಜಿಗೆ ಸಹಿ ಹಾಕಿದೆ.