ವಾಯುವೂ ವಾದವೂ

ಈ ತಿಂಗಳು ವಾಚಕ ಮಹಾಶಯರ ಮುಂದೆ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೊನ್ನೆ ನಮ್ಮ ಮೊಮ್ಮಗನು ಬರಿಯ ಪಿಚಕಾರಿಯ ಬಾಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಒಳಕ್ಕೆ ನೂಕುತ್ತ, “ತಾತ, ಒಳಗೆ ಏನೂ ಇಲ್ಲ, ಆದರೂ ಯಾರೋ ಹಿಂದಕ್ಕೆ ತಳ್ಳುತ್ತಾರಲ್ಲ!” ಎಂದನು. ನಾವು ಉಪಾಧ್ಯಾಯರಾಗಿದ್ದಾಗ ಒಬ್ಬ ಹುಡುಗನು ಇದನ್ನೇ ಕೇಳಿದ್ದನು. “ಸೂತ್ರವನ್ನು ಬಾಯಿಪಾಠ ಮಾಡು” ಎಂದು ಗದರಿಸಿ ಅವನನ್ನು ಕೂರಿಸಿದ್ದೆವು. ಆ ಸೂತ್ರವು ಹುಟ್ಟಿದ್ದೇ ಒಂದು ಆಕ್ಷೇಪದಿಂದ ಎಂಬುದನ್ನು ನಾವು ಅರಿತಿರಲಿಲ್ಲ.

ಗಾಳಿಯನ್ನು ಅದುಮಿದರೆ ಕುಗ್ಗುವುದು, ಬಿಟ್ಟರೆ ಹಿಗ್ಗುವುದು ಎಂದು ರಾಬರ್ಟ್ ಬಾಯ್ಲ್ ಎಂಬ ವಿದ್ವಾಂಸನು ೧೬೬೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮರುವರ್ಷ ಫ್ರಾನ್ಸಿಸ್ ಲೈನಸ್ ಎಂಬ ಜೆಸ್ಯೂಟ್ ಪಾದ್ರಿಯು ಆಕ್ಷೇಪವೆತ್ತಿದನು. ವಾಯುಭಾರಮಾಪಕದಲ್ಲಿ ೨೯ ಅಂಗುಲ ಪಾದರಸವನ್ನು ನಿಲ್ಲಿಸುವಷ್ಟು ಬಲ ಗಾಳಿಗೆಲ್ಲಿಯದು? ಕಾಣದ ದಾರವೊಂದು ಅದನ್ನು ಮೇಲಿನಿಂದ ಎಳೆದು ಹಿಡಿದಿದೆ ಎಂಬುದು ಅವನ ಮತ.

ಬಾಯ್ಲನು ಮಾತಿನಿಂದ ಮಾತ್ರ ಉತ್ತರಿಸದೆ ಅಳೆದು ತೋರಿಸಿದನು. ಕೊಕ್ಕೆಯಂತೆ ಬಾಗಿದ ಗಾಜಿನ ಕೊಳವೆ. ಗಿಡ್ಡ ತುದಿ ಮುಚ್ಚಿದ್ದು, ಉದ್ದನೆಯದು ತೆರೆದದ್ದು. ಒಂದು ಕೊಳವೆ ನಡುವೆಯೇ ಒಡೆದುಹೋಯಿತು. ಇನ್ನೊಂದು ಕೋಣೆಯಲ್ಲಿ ಹಿಡಿಸದಷ್ಟು ಉದ್ದವಾದುದರಿಂದ ಅದನ್ನು ಮೆಟ್ಟಿಲುಗಳ ಬಳಿ ನಿಲ್ಲಿಸಿ ಪಾದರಸವನ್ನು ಸುರಿಯಬೇಕಾಯಿತು. ಮುಚ್ಚಿದ ತುದಿಯಲ್ಲಿ ೧೨ ಅಂಗುಲವಿದ್ದ ಗಾಳಿಯು ೬ ಅಂಗುಲಕ್ಕಿಳಿದಾಗ, ಉದ್ದನೆಯ ಕೊಳವೆಯಲ್ಲಿ ಪಾದರಸವು ೨೯ ಅಂಗುಲಕ್ಕಿಂತ ತುಸು ಹೆಚ್ಚಾಗಿ ಏರಿನಿಂತಿತ್ತು. ಹೊರಗಿನ ವಾಯುಮಂಡಲದ ಒತ್ತಡವೂ ಸುಮಾರು ಅಷ್ಟೇ. ಒತ್ತಡವು ಎರಡರಷ್ಟಾಯಿತು, ಗಾತ್ರವು ಅರ್ಧವಾಯಿತು. ಪಾದರಸವು ೮೮ ಅಂಗುಲಕ್ಕೇರಿದಾಗ ಒತ್ತಡವು ನಾಲ್ಕರಷ್ಟು; ಗಾಳಿಯು ೩ ಅಂಗುಲ, ಎಂದರೆ ಕಾಲುಭಾಗ.

೧೬೬೨ರಲ್ಲಿ ಇದನ್ನು ಪ್ರಕಟಿಸಿದಾಗ, ಈ ಪ್ರಮಾಣವನ್ನು ಮೊದಲು ಊಹಿಸಿದವನು ರಿಚರ್ಡ್ ಟೌನ್ಲಿಯೆಂದು ಬಾಯ್ಲನು ಹೇಳಲು ಮರೆಯಲಿಲ್ಲ.

ಉಷ್ಣತೆಯು ಬದಲಾಗಬಾರದೆಂಬುದು ನಿಯಮ. ಸೈಕಲ್ ಪಂಪನ್ನು ಬೇಗಬೇಗ ಒತ್ತಿದರೆ ಅದು ಬಿಸಿಯೇರುವುದು. ಆಗ ಈ ಲೆಕ್ಕವು ಸರಿಹೋಗದು. ಹಿಂದಕ್ಕೆ ತಳ್ಳುವವರು ಯಾರೆಂದರೆ ಗಾಳಿಯ ಅಣುಗಳೇ. ಅವು ಎಡೆಬಿಡದೆ ಗೋಡೆಗೆ ಬಡಿಯುತ್ತಿರುವುವು. ಸ್ಥಳವು ಅರ್ಧವಾದರೆ ಬಡಿತವು ಎರಡರಷ್ಟಾಗುವುದು.

ನಮ್ಮ ನೈಯಾಯಿಕರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ತತ್ತ್ವವನ್ನು ತಿಳಿಯಲು ವಾದ, ಗೆಲ್ಲಲು ಜಲ್ಪ, ಬರಿದೇ ಖಂಡಿಸಲು ವಿತಂಡ. ಆ ಹುಡುಗನೊಡನೆ ನಾವು ಈ ಮೂರರಲ್ಲಿ ಒಂದನ್ನೂ ಮಾಡದೆ ಬಾಯಿ ಮುಚ್ಚಿಸಿದ್ದೆವು. ಅವನು ಈಗ ಎಲ್ಲಿರುವನೋ ನಾವರಿಯೆವು. ಮೊಮ್ಮಗನಿಗೆ ಮಾತ್ರ ಈ ಸಲ ಸೂತ್ರವನ್ನು ಹೇಳಲಿಲ್ಲ. ಪಿಚಕಾರಿಯನ್ನೂ ಅಳತೆಕೋಲನ್ನೂ ಕೊಟ್ಟು ಅವನ ಪಕ್ಕದಲ್ಲಿ ಕುಳಿತೆವು.